ನಂದಿಯ ನೀರಿನ ಜಾಡಿನಲ್ಲಿ ಒಂದು ದಿನ

ನಂದಿ ಬೆಟ್ಟವನ್ನು ಕಾಣದ ಕುಟುಂಬ ಬೆಂಗಳೂರು ಸೀಮೆಯಲ್ಲಿ ವಿರಳ. ಆದರೆ ಕಾಣುವ ಬಗೆ ಮಾತ್ರ ಬಹುಮಟ್ಟಿಗೆ ಎಲ್ಲರದೂ ಒಂದೇ. ಭಾನುವಾರ ನಸುಕಿನಲ್ಲೆದ್ದು, ವಾಹನಗಳ ಸಾಲಿನಲ್ಲಿ ಕಾದು, ಮೋಡಗಳ ಮೇಲೆ ಮೂಡುವ ಸೂರ್ಯನ ಚಿತ್ರ ತೆಗೆದುಕೊಂಡು, ಹತ್ತು ಗಂಟೆಯೊಳಗೆ ಕೆಳಗಿಳಿದು, ಹೆದ್ದಾರಿಯ ಬದಿಯಲ್ಲಿ ಇಡ್ಲಿ ತಿಂದು ಮನೆ ಸೇರುವುದು. ನಂದಿಯನ್ನು ನೋಡಿಬಂದೆವೆಂಬ ಸಮಾಧಾನ ಅಷ್ಟಕ್ಕೇ ದೊರೆಯುತ್ತದೆ. ಬೆಟ್ಟದ ಬುಡದಲ್ಲಿ ಸಾವಿರದ ಇನ್ನೂರು ವರ್ಷಗಳಿಂದ ನಿಂತಿರುವ ದೇಗುಲವಾಗಲಿ, ಆ ಬೆಟ್ಟದಿಂದ ಇಳಿದು ಹೋದ ನದಿಗಳ ಕಥೆಯಾಗಲಿ ಆ ಚಿತ್ರದೊಳಗೆ ಬರುವುದಿಲ್ಲ.

ಕಳೆದ ಮಾರ್ಗಶಿರದಲ್ಲಿ ನಾವು ಕೆಲವು ಕುಟುಂಬದವರು ಸೇರಿ ಬೇರೊಂದು ಕ್ರಮದಲ್ಲಿ ಹೋಗಿಬರಲು ನಿಶ್ಚಯಿಸಿದೆವು. ದಾರಿ ತೋರಿಸಲು ದೇವನಹಳ್ಳಿಯ ನಿವೃತ್ತ ಮೇಷ್ಟ್ರೊಬ್ಬರು ಒಪ್ಪಿದರು. ಅವರು ಒಂದೇ ಷರತ್ತು ಹಾಕಿದರು: ಬೆಟ್ಟಕ್ಕೆ ಕೊನೆಯಲ್ಲಿ ಹೋಗಬೇಕು, ಅದಕ್ಕೆ ಮೊದಲು ಬೆಟ್ಟದ ನೆರಳಿನಲ್ಲಿ ಬೆಳೆದ ಊರು, ತೋಪು, ಗುಡಿ, ಕಲ್ಯಾಣಿಗಳನ್ನು ನೋಡಿ ಮುಗಿಸಬೇಕು. ಇಷ್ಟಲಿಂಗ ಪೂಜೆ ಮುಗಿಸದೆ ಮನೆ ಬಿಡದ ಹಿರಿಯರು ತಂಡದಲ್ಲಿದ್ದುದರಿಂದ ನಾವು ಹೊರಟಾಗ ಏಳು ಗಂಟೆ. ಬೆಂಗಳೂರಿನಿಂದ ದೇವನಹಳ್ಳಿಗೆ ಸುಮಾರು 35 ಕಿಲೋಮೀಟರು. ಸೂರ್ಯೋದಯ ತಪ್ಪಿತೆಂದು ಮಕ್ಕಳು ಸ್ವಲ್ಪ ಹೊತ್ತು ಮುಖ ಊದಿಸಿದ್ದುಂಟು.

ದೇವನಹಳ್ಳಿಯ ಕೋಟೆಯನ್ನು ಮೊದಲು ಕಟ್ಟಿಸಿದವನು ಆವತಿ ನಾಡಪ್ರಭುಗಳ ಮನೆತನದ ಮಲ್ಲಬೈರೇಗೌಡ, ಕಾಲ 1501. ಆಗ ಅದು ಮಣ್ಣಿನ ಕೋಟೆ. 1749ರಲ್ಲಿ ಮೈಸೂರಿನ ದಳವಾಯಿ ನಂಜರಾಜಯ್ಯನ ಸೈನ್ಯ ಇದಕ್ಕೆ ಮುತ್ತಿಗೆ ಹಾಕಿದಾಗ, ಸಾಮಾನ್ಯ ಸೈನಿಕನಾಗಿದ್ದ ಹೈದರನ ಪರಾಕ್ರಮ ಮೊದಲ ಬಾರಿಗೆ ಎಲ್ಲರ ಕಣ್ಣಿಗೆ ಬಿತ್ತು. ಮುಂದೆ ಕೋಟೆ ಕಲ್ಲಿನದಾಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ವಶವಾಯಿತು. ಟಿಪ್ಪು ಜನಿಸಿದ ಸ್ಥಳವೆಂದು ಗುರುತಿಸಿ ಕಲ್ಲಿನ ಪುಟ್ಟ ಮಂಟಪವೊಂದನ್ನು ಕೋಟೆಯ ಸಮೀಪದಲ್ಲಿ ಕಾಯ್ದಿರಿಸಿದ್ದಾರೆ. ಅರ್ಧವೃತ್ತಾಕಾರದ ಬುರುಜುಗಳ ಮೇಲೆ ನಡೆಯುತ್ತಾ ಮಕ್ಕಳು ಗುಂಡಿಕಂಡಿಗಳಲ್ಲಿ ಕಣ್ಣಿಟ್ಟು ನೋಡಿದರು. ಈ ಕೋಟೆಯ ವಿಶೇಷವೆಂದರೆ ಒಳಗೆ ಇಂದಿಗೂ ಊರು ಬದುಕಿದೆ. ವೇಣುಗೋಪಾಲಸ್ವಾಮಿಯ ಗುಡಿಯಲ್ಲಿ ಬೆಳಗಿನ ಗಂಟೆ ಮೊಳಗುತ್ತಿರುವಾಗ, ಎದುರು ಬೀದಿಯಲ್ಲಿ ತಾಯಂದಿರು ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಇಡುತ್ತಿದ್ದರು. ಗುಡಿಯ ಹೊರಗೋಡೆಯ ಮೇಲೆ ಪುರಾಣಕಥೆಗಳ ಶಿಲ್ಪಪಟ್ಟಿಕೆಗಳಿವೆ. ಅವುಗಳನ್ನು ನಿಂತು ನೋಡುವವರು ಕಡಿಮೆ.

ಅಲ್ಲಿಂದ ನಮ್ಮನ್ನು ಮೇಷ್ಟ್ರು ಬೆಟ್ಟಕ್ಕೆ ಬೆನ್ನು ಮಾಡಿಸಿ, ಹೊಸಕೋಟೆಯ ದಿಕ್ಕಿನಲ್ಲಿರುವ ನಲ್ಲೂರಿಗೆ ಕರೆದೊಯ್ದರು. ಹೆಚ್ಚಿನವರು ಹೆಸರು ಸಹ ಕೇಳದ ಈ ಸ್ಥಳವೇ ನಮ್ಮ ದಿನದ ದೊಡ್ಡ ಸೋಜಿಗವಾಯಿತು. ನಲ್ಲೂರಿನ ಹುಣಸೆ ತೋಪು 54 ಎಕರೆ. ಇಡೀ ಭಾರತದಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಮೊದಲಿಗೆ ಘೋಷಿತವಾದದ್ದು ಇದೇ. 2007ರಲ್ಲಿ, 2002ರ ಜೀವವೈವಿಧ್ಯ ಕಾಯಿದೆಯ ಅನ್ವಯ. ಮುನ್ನೂರರ ಆಸುಪಾಸಿನಲ್ಲಿ ಎಣಿಸಲಾಗಿದ್ದ ಈ ಮರಗಳಲ್ಲಿ ಕೆಲವಕ್ಕೆ ನಾನೂರು ವರ್ಷಕ್ಕೂ ಹೆಚ್ಚಿನ ಪ್ರಾಯವೆಂದು ಅಂದಾಜು. ಊರವರ ಮಾತಿನಲ್ಲಾದರೆ ಇದು ಚೋಳರ ಕಾಲದ ತೋಪು.

ಹುಣಸೆಮರ ನಮಗೆ ಹೊಸದೇ? ಆದರೆ ಇಂಥ ಹುಣಸೆಯನ್ನು ನಾವು ಕಂಡಿರಲಿಲ್ಲ. ಕಾಂಡವೆಂಬುದು ಹಗ್ಗದಂತೆ ಹೊಸೆದುಕೊಂಡು, ಅಲ್ಲಲ್ಲಿ ಟೊಳ್ಳಾಗಿ, ಮೂರು ಮಕ್ಕಳು ಒಳಗೆ ಹೊಕ್ಕು ಕೂರುವಷ್ಟು ವಿಶಾಲವಾಗಿದೆ. ಮುದುಕನಾದ ಮರ ನೆಲಕ್ಕೆ ಒರಗಿದೆ. ಒರಗಿದ ಕೊಂಬೆ ಮಣ್ಣು ಮುಟ್ಟಿದೆಡೆಯಲ್ಲಿ ಮತ್ತೆ ಬೇರುಬಿಟ್ಟು ಹೊಸ ಮರವಾಗಿ ಎದ್ದಿದೆ. ತಾಯಿ ಯಾವುದು, ಮಗಳು ಯಾವುದು ಎಂದು ಹೇಳುವುದು ಕಷ್ಟ. ನಡುವೆ ಪಾಳುಬಿದ್ದ ಗುಡಿಯ ಕಂಬಗಳು, ಚಪ್ಪಡಿಗಳು. ದೇವರ ಹೆಸರು ಹೇಳಿಕೊಂಡು ಉಳಿದ ಮರಗಳಿವು. ದೇವರ ತೋಪಿನ ಮರಕ್ಕೆ ಕೊಡಲಿ ಇಡಬಾರದೆಂಬ ಹಿರಿಯರ ಕಟ್ಟಳೆ ಇಲ್ಲದಿದ್ದರೆ ಕಾಯಿದೆ ಬರುವ ಹೊತ್ತಿಗೆ ಕಾಯಲು ಏನೂ ಉಳಿದಿರುತ್ತಿರಲಿಲ್ಲ. ಆದರೆ ಈಗ ಕಾಯಿದೆಯಿದ್ದೂ ತೋಪು ಕ್ಷೇಮವಾಗಿದೆಯೆಂದು ಹೇಳಲು ನಮಗೆ ಧೈರ್ಯವಾಗದು. ಒಣಗಿ ನಿಂತ ಮರಗಳು ಕಣ್ಣಿಗೆ ಬಿದ್ದವು. ಸುತ್ತಲ ನೆಲದಡಿಯ ನೀರು ಆಳಕ್ಕಿಳಿದಾಗ ನೂರಾರು ವರ್ಷ ಬಾಳಿದ ಬೇರಾದರೂ ಎಲ್ಲಿಯವರೆಗೆ ಇಳಿದೀತು? ನಮ್ಮ ತಂಡದ ಅಜ್ಜಿಯೊಬ್ಬರು ಒಂದು ಬೊಡ್ಡೆಯನ್ನು ಮುಟ್ಟಿ, ನಮ್ಮೂರಿನ ಗುಂಡುತೋಪು ಹೋದ ಮೇಲೆ ಇಂಥ ನೆರಳನ್ನು ಇಂದೇ ಕಂಡದ್ದೆಂದರು.

ಆ ದಾರಿಯುದ್ದಕ್ಕೂ ಭೂಮಿಯ ಬೆಲೆಯ ಮಾತು ಬಿಟ್ಟು ಬೇರೆ ಮಾತಿಲ್ಲ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಈ ಸೀಮೆಯ ಚಹರೆ ಬದಲಾಗಿದೆ. ದೇವನಹಳ್ಳಿಯ ಚಕ್ಕೋತ ಹಣ್ಣು ಭೌಗೋಳಿಕ ಸೂಚಿಕೆಯ ಗೌರವ ಪಡೆದಿದೆ. ಆದರೆ ಚಕ್ಕೋತದ ತೋಟಗಳಿದ್ದ ಜಾಗಗಳಲ್ಲಿ ನಿವೇಶನಗಳ ಕಲ್ಲು ನೆಟ್ಟಿರುವುದೇ ಹೆಚ್ಚು. ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಗ್ರಾಮಗಳ 1,777 ಎಕರೆ ಜಮೀನನ್ನು ಕೈಗಾರಿಕೆಗಾಗಿ ವಶಪಡಿಸಿಕೊಳ್ಳುವುದನ್ನು ವಿರೋಧಿಸಿ ರೈತರು ಮೂರು ವರ್ಷಕ್ಕೂ ಮಿಗಿಲಾಗಿ ಧರಣಿ ಕುಳಿತಿದ್ದು, 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಆ ಭೂಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದ್ದು ಓದುಗರಿಗೆ ನೆನಪಿರಬಹುದು. ಬೆಳೆ ತೆಗೆಯುವ ಕಾಯಕವನ್ನೇ ಹಿಡಿದಿರುತ್ತೇವೆಂದು ಹಟ ಹಿಡಿದ ಒಕ್ಕಲುಮಕ್ಕಳ ಬಗೆಗೆ ಕಾಯಕ ತತ್ತ್ವವನ್ನು ನಂಬಿದ ನಮಗೆ ಗೌರವ ಮೂಡದೆ ಇರುವುದು ಹೇಗೆ?

ಮರಳಿ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟಾಗ ಆವತಿ ಸಿಕ್ಕಿತು. ಪಾಳೆಯಗಾರರ ಕಾಲದಲ್ಲಿ ಈ ನಾಡನ್ನು ಆಳಿದ ಎಷ್ಟೋ ಮನೆತನಗಳ ಬೇರು ಈ ಸಣ್ಣ ಹಳ್ಳಿಯಲ್ಲಿದೆ. ಕಂಚಿಯ ಸೀಮೆಯಲ್ಲಿ ಬಲಿಷ್ಠನೊಬ್ಬ ತಮ್ಮ ಮನೆಯ ಹೆಣ್ಣುಮಗಳನ್ನು ಬಲವಂತದಿಂದ ಮದುವೆಯಾಗಲು ಹವಣಿಸಿದಾಗ, ಏಳು ಮಂದಿ ಸೋದರರು ಆಸ್ತಿಪಾಸ್ತಿಯನ್ನೆಲ್ಲ ತೊರೆದು, ಬಂಡಿ ಕಟ್ಟಿಕೊಂಡು ಬಂದು ಈ ಬೆಟ್ಟಗಳ ತಪ್ಪಲಿನಲ್ಲಿ ನೆಲೆಸಿದರೆಂಬುದು ಐತಿಹ್ಯ. ಅವರ ಮುಖಂಡ ರಣಬೈರೇಗೌಡ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳ ಪ್ರಭುಗಳಷ್ಟೇ ಅಲ್ಲದೆ, 1537ರಲ್ಲಿ ಬೆಂಗಳೂರು ಕೋಟೆ ಕಟ್ಟಿದ ಕೆಂಪೇಗೌಡನ ಯಲಹಂಕ ಮನೆತನವೂ ಈ ಬಳ್ಳಿಯದೇ. ವಿಮಾನ ನಿಲ್ದಾಣದ ಬಳಿ 2022ರಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡ ಪ್ರತಿಮೆಯನ್ನು ಲಕ್ಷಾಂತರ ಮಂದಿ ನೋಡುತ್ತಾರೆ. ಆವತಿಯಲ್ಲಿ ಇಳಿಯುವವರು ಬೆರಳೆಣಿಕೆಯವರು. ಹೆಣ್ಣುಮಗಳ ಮಾನಕ್ಕಾಗಿ ಮನೆ ತೊರೆದವರ ಕಥೆ ನಮ್ಮ ತಂಡದ ಹೆಣ್ಣುಮಕ್ಕಳಿಗೆ ಬಹಳ ಹಿಡಿಸಿತು.

ನಂದಿ ಗ್ರಾಮ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಬೆಟ್ಟವಿಲ್ಲಿ ಹಿಂದಿನ ಗೋಡೆಯಂತೆ ನಿಂತಿದೆ. ಅದರ ಮುಂದೆ ಭೋಗನಂದೀಶ್ವರನ ವಿಶಾಲ ಪ್ರಾಕಾರ. ಬೆಟ್ಟದ ಮೇಲಿರುವವನು ಯೋಗನಂದೀಶ್ವರ, ಕೆಳಗಿರುವವನು ಭೋಗನಂದೀಶ್ವರ. ಕೆಳಗಿನ ಪ್ರಾಕಾರದಲ್ಲಿಯೇ ಅರುಣಾಚಲೇಶ್ವರನ ಇನ್ನೊಂದು ಗುಡಿ. ಅರುಣಾಚಲೇಶ್ವರನದು ಬಾಲ್ಯ, ಭೋಗನಂದೀಶ್ವರನದು ಯೌವನ, ಬೆಟ್ಟದ ಮೇಲಿನದು ವೈರಾಗ್ಯವೆಂದು ಇಲ್ಲಿಯ ಭಕ್ತರು ಹೇಳುತ್ತಾರೆ. ಎರಡು ದೊಡ್ಡ ಗುಡಿಗಳ ನಡುವೆ ಉಮಾಮಹೇಶ್ವರನ ಪುಟ್ಟ ಗುಡಿ. ಹೊಸದಾಗಿ ಮದುವೆಯಾದವರು ಇಲ್ಲಿ ಬಂದು ಕೈಮುಗಿಯುವ ವಾಡಿಕೆಯುಂಟು. ಗೃಹಸ್ಥಜೀವನವನ್ನು ಹೀಗಳೆಯದೆ, ಅದನ್ನು ಬಾಲ್ಯಕ್ಕೂ ವೈರಾಗ್ಯಕ್ಕೂ ನಡುವಣ ಪೂರ್ಣ ಘಟ್ಟವಾಗಿ ಪೂಜಿಸುವ ಈ ಏರ್ಪಾಟು ನಮಗೆ ಅರ್ಥಪೂರ್ಣವೆನಿಸಿತು.

9ನೆಯ ಶತಮಾನದ ಆದಿಭಾಗದ ನೊಳಂಬರ ಶಾಸನದಲ್ಲಿಯೇ ಈ ದೇಗುಲದ ಪ್ರಸ್ತಾಪವಿದೆ. ಬಾಣ ಮನೆತನದ ರಾಣಿ ರತ್ನಾವಳಿ ಇದನ್ನು ಕಟ್ಟಿಸಿದಳೆಂಬ ಉಲ್ಲೇಖವುಂಟು. ಅನಂತರ ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬೊಬ್ಬರೂ ಒಂದೊಂದನ್ನು ಸೇರಿಸಿದರು; ಹಿಂದಿನವರು ಕಟ್ಟಿದ್ದನ್ನು ಯಾರೂ ಕೆಡವಲಿಲ್ಲ. ಕಪ್ಪುಕಲ್ಲಿನ ಕಲ್ಯಾಣಮಂಟಪದ ನಾಲ್ಕು ಕಂಬಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಬಳ್ಳಿ, ಹಕ್ಕಿ, ನರ್ತಕಿಯರ ಕೆತ್ತನೆ ಕಲ್ಲಿನದೋ ದಂತದದೋ ಎಂದು ಬೆರಳಿಟ್ಟು ನೋಡುವ ಆಸೆಯಾಗುತ್ತದೆ. ಸ್ಥಾವರಲಿಂಗದ ಪೂಜೆಯ ವಿಷಯದಲ್ಲಿ ನಮ್ಮ ಸಮಾಜದಲ್ಲಿ ಬಲವಾದ ಅಭಿಪ್ರಾಯಗಳಿರುವುದನ್ನು ನಾವು ಬಲ್ಲೆವು. ತಂಡದಲ್ಲಿಯೂ ಆ ಚರ್ಚೆ ಬಂದಿತು. ಅಂಥವರು ಈ ಕಂಬಗಳನ್ನು ಹೆಸರು ಬಿಡದೆ ಹೋದ ಶಿಲ್ಪಿಗಳ ಕಾಯಕವೆಂದು ನೋಡಿದರೂ ಬಂದ ಶ್ರಮ ಸಾರ್ಥಕ.

ಪ್ರಾಕಾರದ ಒಳಗಿಂದ ದಾಟಿಹೋದರೆ ಶೃಂಗಿತೀರ್ಥ. ನಾಲ್ಕೂ ಕಡೆ ಮೆಟ್ಟಿಲುಗಳಿಳಿದು, ಸುತ್ತ ಕಂಬದ ಮೊಗಸಾಲೆಯಿರುವ ದೊಡ್ಡ ಕಲ್ಯಾಣಿ. ನಂದಿ ತನ್ನ ಕೊಂಬಿನಿಂದ ನೆಲವನ್ನು ತಿವಿದು ಗಂಗೆಯನ್ನು ಹೊರತಂದನೆಂದೂ, ಅದೇ ಈ ತೀರ್ಥವೆಂದೂ ಸ್ಥಳಪುರಾಣ. ಬಸವಣ್ಣನವರನ್ನು ನಂದಿಯ ಅವತಾರವೆಂದು ಭಾವಿಸುವ ಮನೆಗಳಲ್ಲಿ ಬೆಳೆದ ನಮಗೆ ಆ ಹೆಸರು ಕೇಳಿದೊಡನೆ ಒಂದು ಆಪ್ತತೆ. ಕಥೆಯನ್ನು ಕೇಳಿದ ಹುಡುಗನೊಬ್ಬ ಬೆಟ್ಟದ ನೀರು ಇಲ್ಲಿಗೆ ಹೇಗೆ ಬರುತ್ತದೆಂದು ಪ್ರಶ್ನಿಸಿದ. ಮೇಷ್ಟ್ರು ಕಾದಿದ್ದುದು ಈ ಪ್ರಶ್ನೆಗೇ. ಬಂಡೆಯ ಬೆಟ್ಟದ ಮೇಲೆ ಬಿದ್ದ ಮಳೆ ಬಿರುಕುಗಳಲ್ಲಿ ಇಂಗಿ, ತಿಂಗಳುಗಟ್ಟಲೆ ತಡೆದು, ಬುಡದಲ್ಲಿ ಒಸರುತ್ತದೆ. ಹಾಗೆ ಒಸರುವ ಜಾಗವನ್ನು ಹುಡುಕಿ ಹಿರಿಯರು ಕಲ್ಯಾಣಿ ಕಟ್ಟಿದರು. ಕಲ್ಯಾಣಿಯಿದ್ದೆಡೆ ಗುಡಿ ಬಂತು, ಗುಡಿಯಿದ್ದೆಡೆ ಊರು. ಪುರಾಣದ ನಂದಿ ಕೊಂಬು ಊರಿದ ಸ್ಥಳವೂ ಜಲದ ಸ್ಥಳವೂ ಒಂದೇ ಆದದ್ದು ಹೀಗೆಂದು ಅವರ ವಿವರಣೆ. ಹುಡುಗನಿಗೆ ಎರಡೂ ಉತ್ತರಗಳು ಒಪ್ಪಿಗೆಯಾದವು.

ದೇಗುಲದ ಹೊರಗೆ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಯಾರ ಡಬ್ಬಿ ಯಾರದೆಂಬ ಲೆಕ್ಕವಿಲ್ಲದೆ ಅವರೆಕಾಳಿನ ಉಪ್ಪಿಟ್ಟು, ಚಿತ್ರಾನ್ನ, ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಎಲ್ಲರ ಎಲೆಗೂ ಬಂದವು. ಪಕ್ಕದಲ್ಲಿ ಕುಳಿತಿದ್ದ ಅಪರಿಚಿತ ಕುಟುಂಬಕ್ಕೂ ಎಲೆ ಹಾಕಿದೆವು. ದಾಸೋಹಕ್ಕೆ ಮಠವೇ ಆಗಬೇಕೆಂದೇನಿದೆ? ಊಟದ ಎಲೆಗಳನ್ನು ಚೀಲದಲ್ಲಿ ತುಂಬಿ ಜೊತೆಗೇ ತಂದೆವೆಂಬುದನ್ನು ಇಲ್ಲಿ ಹೇಳಲೇಬೇಕಾಗಿದೆ. ಏಕೆಂದರೆ ನಾವು ಕುಳಿತ ಸ್ಥಳಕ್ಕೆ ಮೊದಲು ಬಂದವರು ಹಾಗೆ ಮಾಡಿರಲಿಲ್ಲ.

ಹತ್ತಿರದ ಮುದ್ದೇನಹಳ್ಳಿಯಲ್ಲಿ ಅರ್ಧ ಗಂಟೆ ಮಾತ್ರ ಕಳೆದೆವು. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ಊರು. ಅವರ ಮನೆ ಈಗ ಸ್ಮಾರಕ, ಸಮಾಧಿಯೂ ಇಲ್ಲಿಯೇ. ಕನ್ನಂಬಾಡಿ ಕಟ್ಟೆಯ ಶಿಲ್ಪಿ ನಂದಿಯ ತಪ್ಪಲಿನ ಈ ಕೆರೆಬಯಲಿನಲ್ಲಿ ಆಡಿ ಬೆಳೆದ ಹುಡುಗ. ನೀರಿನ ಬೆಲೆಯನ್ನು ಅವರಿಗೆ ಮೊದಲು ಕಲಿಸಿದ್ದು ಈ ಮಳೆಯಾಶ್ರಯದ ನಾಡೇ ಇರಬೇಕೆಂದು ನಮ್ಮ ಊಹೆ.

ಮೂರು ಗಂಟೆಯ ಸುಮಾರಿಗೆ ಬೆಟ್ಟ ಹತ್ತಿದೆವು. 1478 ಮೀಟರ್ ಎತ್ತರ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಹಳೆಯ ದಾರಿಯೂ ಇದೆ, ಆದರೆ ಹಿರಿಯರಿಗಾಗಿ ನಾವು ವಾಹನದ ದಾರಿಯನ್ನೇ ಹಿಡಿದೆವು. ಬೆಳಗಿನ ಜಂಗುಳಿ ಇಳಿದುಹೋಗಿ ಬೆಟ್ಟ ಬೆಟ್ಟವಾಗಿತ್ತು. ಗಾಂಧೀಜಿಯವರು 1927ರಲ್ಲಿ ಅಸ್ವಸ್ಥರಾಗಿ ವಿಶ್ರಾಂತಿಗೆ ಬಂದು ವಾರಗಟ್ಟಲೆ ಇಲ್ಲಿದ್ದರು. 1936ರಲ್ಲಿ ಮತ್ತೊಮ್ಮೆ ಬಂದರು. 1986ರ ನವೆಂಬರಿನಲ್ಲಿ ಸಾರ್ಕ್ ದೇಶಗಳ ನಾಯಕರು ಸೇರಿದರು. ಇತ್ತೀಚೆಗೆ, 2025ರ ಜುಲೈ 2ರಂದು, ರಾಜ್ಯದ ಸಚಿವ ಸಂಪುಟ ಸಭೆ ಸೇರಿ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಬೆಂಗಳೂರು ಉತ್ತರವೆಂದು ಹೆಸರಿಡಲು ನಿರ್ಧರಿಸಿದ್ದೂ ಇಲ್ಲಿಯೇ. ಇಷ್ಟೆಲ್ಲ ಗಣ್ಯರನ್ನು ಕಂಡರೂ ಯೋಗನಂದೀಶ್ವರನ ಗುಡಿ ಮಾತ್ರ ತನ್ನ ಹೆಸರಿಗೆ ತಕ್ಕಂತೆ ಮೌನವಾಗಿದೆ. ಅಮೃತ ಸರೋವರದ ಮೆಟ್ಟಿಲುಗಳಲ್ಲಿ ಮೋಡದ ನೆರಳು ಹಾದುಹೋಗುತ್ತಿತ್ತು. ತಂಪುಗಾಡಿನ ಹಕ್ಕಿಯಾದ ನೀಲಗಿರಿ ಕಾಡುಪಾರಿವಾಳ, ಬಂಡೆಗುಡ್ಡಗಳಲ್ಲಿ ಮಾತ್ರ ವಾಸಿಸುವ ಹಳದಿಗಂಟಲಿನ ಪಿಕಳಾರ — ಎರಡೂ ಈ ಒಂದೇ ಬೆಟ್ಟದಲ್ಲಿರುವುದು ಪಕ್ಷಿಪ್ರಿಯರಿಗೆ ಅಚ್ಚರಿ. ಪಿಕಳಾರದ ಧ್ವನಿಯಷ್ಟೇ ನಮ್ಮ ಪಾಲಿಗೆ ಬಂದದ್ದು.

ಕೋಟೆಯ ಗೋಡೆಯ ಬಳಿ ನಿಂತು ಮೇಷ್ಟ್ರು ದಿಕ್ಕು ದಿಕ್ಕಿಗೆ ಕೈ ತೋರಿಸಿದರು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ — ಇವೆಲ್ಲವೂ ನಂದಿಯ ಸಾಲಿನ ಈ ಬೆಟ್ಟಗಳಲ್ಲಿಯೇ ಹುಟ್ಟುತ್ತವೆ. ಒಂದು ನೆಲ್ಲೂರಿನ ಬಳಿ ಸಮುದ್ರ ಸೇರಿದರೆ ಇನ್ನೊಂದು ತಮಿಳುನಾಡಿನ ಕಡಲೂರಿನ ಬಳಿ. ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ಅರ್ಕಾವತಿಯ ನೀರನ್ನೇ ಹೆಸರಘಟ್ಟದ ಕೆರೆಯಿಂದ ಕೊಳವೆಗಳಲ್ಲಿ ಬೆಂಗಳೂರಿಗೆ ಒಯ್ದರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ ಸಿದ್ಧವಾಯಿತು. ಕಾವೇರಿ ಬರುವುದಕ್ಕೆ ಮೊದಲು ನಮ್ಮ ಅಜ್ಜ-ಅಜ್ಜಿಯರು ಬೆಂಗಳೂರಿನಲ್ಲಿ ಕುಡಿದದ್ದು ಈ ಬೆಟ್ಟದ ನೀರು. ಆಮೇಲೆ ಏನಾಯಿತು? ಬಯಲೆಲ್ಲ ನೀಲಗಿರಿ ಮರದ ತೋಪುಗಳಾದವು, ರಾಜಕಾಲುವೆಗಳು ಮುಚ್ಚಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು; ನದಿ ಬತ್ತಿತು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು, ತಡವಾಗಿಯಾದರೂ. ಬೆಟ್ಟವೂ ತಾನು ಬಂಡೆಯೆಂದು ಎಲ್ಲವನ್ನೂ ಸಹಿಸದು: 2021ರ ಆಗಸ್ಟಿನ ಒಂದು ರಾತ್ರಿಯ ಮಳೆಗೆ ಇಳಿಜಾರು ಕುಸಿದು ರಸ್ತೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು.

ಹೋಗಬಯಸುವ ಓದುಗರಿಗೆ ಎರಡು ಮಾತು. ವಾರಾಂತ್ಯದಲ್ಲಿ ಬೆಟ್ಟದ ಮೇಲೆ ವಾಹನಗಳ ನಿರ್ಬಂಧವಿರುವುದುಂಟು. ವಾರದ ನಡುವಿನ ದಿನವೇ ಲೇಸು. ನಲ್ಲೂರಿನಲ್ಲಿ ಅಂಗಡಿ-ಮುಂಗಟ್ಟುಗಳನ್ನು ನಿರೀಕ್ಷಿಸದೆ ಕುಡಿಯುವ ನೀರು ಒಯ್ಯಿರಿ. ಎಲ್ಲಕ್ಕಿಂತ ಮುಖ್ಯವಾಗಿ ಊರನ್ನು ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಳ್ಳಿರಿ, ಅವರ ಶ್ರಮಕ್ಕೆ ತಕ್ಕ ಗೌರವಧನ ಸಲ್ಲಿಸಿರಿ; ಫಲಕ ಓದಿ ತಿಳಿಯಲಾಗದ್ದು ಬಹಳವಿದೆ.

ಹೊತ್ತು ಮುಳುಗುವಾಗ ಮೇಷ್ಟ್ರು ನಮ್ಮನ್ನು ಕೊನೆಯದಾಗಿ ದೇವನಹಳ್ಳಿಯ ಸಿಹಿನೀರು ಕೆರೆಯ ಏರಿಗೆ ಕರೆತಂದರು. ಬಹುಕಾಲ ಒಣಗಿದ್ದ ಕೆರೆಯಲ್ಲಿ ನೀರಿತ್ತು, ಬೆಳ್ಳಕ್ಕಿಗಳಿದ್ದವು. ಈ ನೀರು ನಂದಿಯದಲ್ಲ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧಿಮಾಡಿ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರಗಳ ಕೆರೆಗಳಿಗೆ ಹರಿಸುತ್ತಾರೆ. ಅದರ ಪಾಲು ಇಲ್ಲಿಗೂ ಬಂದಿದೆ. ಒಂದು ಕಾಲಕ್ಕೆ ನಂದಿಯ ನೀರು ಬೆಂಗಳೂರಿಗೆ ಇಳಿಯುತ್ತಿತ್ತು. ಈಗ ಬೆಂಗಳೂರು ಬಳಸಿದ ನೀರು ನಂದಿಯ ಕಡೆಗೆ ಏರಿಬರುತ್ತಿದೆ. ಕೆರೆಯ ಪಕ್ಕದಲ್ಲಿ ಹೂಳು ತುಂಬಿ ಮರೆತುಹೋಗಿದ್ದ ಹಳೆಯ ತೆರೆದ ಬಾವಿಯನ್ನು ಈಚಿನ ವರ್ಷಗಳಲ್ಲಿ ಬಯೋಮ್ ಟ್ರಸ್ಟ್ ಮತ್ತು ಪುರಸಭೆಯವರು ಕೂಡಿ ಉದ್ಧರಿಸಿದ್ದಾರೆ. ಕೆರೆಯ ನೀರು ಮಣ್ಣಿನಲ್ಲಿ ಸೋಸಿ ಬಾವಿಗಿಳಿಯುತ್ತದೆ. ಅದನ್ನು ಮತ್ತೆ ಶುದ್ಧೀಕರಿಸಿ ಊರಿಗೆ ಕೊಡುವ ಏರ್ಪಾಟು.

ಬೆಳಿಗ್ಗೆ ಹುಣಸೆಯ ಬೊಡ್ಡೆಯನ್ನು ಮುಟ್ಟಿದ್ದ ಅಜ್ಜಿ ಇದನ್ನು ಕೇಳಿ ಸೆರಗನ್ನು ಮೂಗಿಗೆ ತಂದರು. ನಾವು ಸ್ನಾನಮಾಡಿ ಚೆಲ್ಲಿದ ನೀರನ್ನೇ ಇಲ್ಲಿಯವರು ಕುಡಿಯಬೇಕೇ ಎಂದು ಕೇಳಿದರು. ಮೇಷ್ಟ್ರು ವಾದಿಸಲಿಲ್ಲ, ಅಮ್ಮಾ, ನಾವು ಕುಡಿಯುತ್ತಿದ್ದ ನೀರನ್ನು ನಿಮ್ಮ ನಗರ ಮೊದಲು ಕುಡಿಯಿತು ಎಂದಷ್ಟೇ ಹೇಳಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾವಿಯ ಕಟ್ಟೆಯವರೆಗೆ ನಡೆದು, ಒಳಗೆ ಬಗ್ಗಿ ನೋಡಿದರು. ತಳದಲ್ಲಿ ನೀರು ತಿಳಿಯಾಗಿತ್ತು. ಕೆರೆಯ ಹೆಸರನ್ನು ಬದಲಾಯಿಸಿಲ್ಲವಷ್ಟೇ ಎಂದು ವಿಚಾರಿಸಿದರು. ಇಲ್ಲ, ಸಿಹಿನೀರು ಕೆರೆಯೇ ಎಂದರು ಮೇಷ್ಟ್ರು.